ಹಸಿರು ಗುರುತಿನ ಸುಳ್ಳು

ಪುಕ್ಕಟೆ ಸಿಗುವ ಸರಕನ್ನೂ ಇಷ್ಟು ಸುಳ್ಳು ಹೇಳಿ ಹರಡಬೇಕೇ? ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮಂಡ್ಯದ ಸಣ್ಣ ಕಂಪನಿಯೊಂದರಲ್ಲಿ ನನ್ನ ಕೆಲಸ. ಸುತ್ತಲ ಹಳ್ಳಿಗಳ ಹಾಲಿನ ಡೈರಿಗಳಿಗೆ ನಮ್ಮದೇ ಸಾಫ್ಟ್‌ವೇರು. ಯಾರು ಎಷ್ಟು ಹಾಲು ಹಾಕಿದರು, ದರ ಗೊತ್ತುಮಾಡುವ ಕೊಬ್ಬಿನಂಶ, ಅಂದರೆ ಫ್ಯಾಟ್, ಎಷ್ಟು ಬಂತು ಎಂಬುದೆಲ್ಲ ಹೋಗಿ ಕೂರುವ ಕಣಜವೇ ಡೇಟಾಬೇಸ್. ನಮ್ಮದು ಹಳೆಯದು, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದ ಓಪನ್ ಸೋರ್ಸ್. ಎದುರಾಳಿಯಾಗಿ ಇನ್ನೊಂದು ಬಂತು, ಅದೂ ಓಪನ್ ಸೋರ್ಸೇ. ಆದರೆ ಎರಡರ ಬೆನ್ನಿಗೂ ಒಂದೊಂದು ಕಂಪನಿ ನಿಂತಿರುತ್ತದೆ, ರಿಪೇರಿ, ಸಲಹೆ ಅಂತ ದುಡ್ಡು ಮಾಡಲು. ಹೊಸಬರು ಒಂದು ಚಾರ್ಟ್ ಹರಿಯಬಿಟ್ಟರು: ಹಳೆಯದಕ್ಕಿಂತ ತಮ್ಮದು ಎಷ್ಟೋ ಪಟ್ಟು ವೇಗ ಅಂತ. ನಮ್ಮ ಯಜಮಾನರು ಮರುಳಾದರು.

ಆ ಪರೀಕ್ಷೆ ಹೇಗೆ ಮಾಡಿದ್ದಾರೆಂದು ಕೆದಕಿ ನೋಡಿದೆ. ಮೈಯೆಲ್ಲ ಉರಿಯಿತು. ಹಳೆಯದಕ್ಕೆ ಮೆಮೊರಿಯನ್ನೇ ಕೊಡದೆ ಕಾಲು ಕಟ್ಟಿ ಓಡಿಸಿದ್ದರು. ತಮ್ಮದು ಮಾತ್ರ ಡಿಸ್ಕಿಗೆ ಬರೆಯುವ ಮುಂಚೆಯೇ 'ಬರೆದಾಯಿತು' ಎನ್ನುತ್ತಿತ್ತು. ಬರೆಯದೇ ಬರೆದೆ ಎಂದರೆ ವೇಗ ಬರದೆ ಇನ್ನೇನು ಬರುತ್ತದೆ! ಕರೆಂಟು ಹೋದರೆ ಗತಿಯೇನು ಎಂದು ಯಜಮಾನರನ್ನು ಕೇಳಿದೆ.

"ಎಲ್ಲಾ ಡೈರೀಲೂ ಯುಪಿಎಸ್ ಐತೆ ಕಣಯ್ಯ, ಸುಮ್ಕಿರು" ಎಂದರು. ಎಲ್ಲ ಡೈರಿಗಳಿಗೂ ಹೊಸದನ್ನೇ ಹಾಕಿಸಿದರು.

ಯುಪಿಎಸ್ ಇತ್ತು, ನಿಜ. ಆದರೆ ದುದ್ದದ ಕಡೆಯ ಒಂದು ಡೈರಿಯಲ್ಲಿ ಅದನ್ನು ಫ್ಯಾಟ್ ನೋಡುವ ಯಂತ್ರಕ್ಕೆ ಸಿಕ್ಕಿಸಿದ್ದರು. ಆ ಯಂತ್ರ ನಿಂತರೆ ಸಾಲಿನಲ್ಲಿ ಜಗಳ ಹತ್ತಿಕೊಳ್ಳುತ್ತದೆ. ಕಂಪ್ಯೂಟರ್ ಆರಿದರೆ ಯಾರೂ ಕೇಳುವುದಿಲ್ಲ. ಅಲ್ಲಿ ಬೆಳಗ್ಗೆ ಹಾಲು ಹಾಕುವ ಹೊತ್ತಿಗೇ ಕರೆಂಟು ಹೋಗುವುದು ವಾಡಿಕೆ. ಪರದೆಯ ಮೇಲೆ 'ಬರೆದಾಯಿತು' ಎಂಬ ಹಸಿರು ಗುರುತು ಬಿದ್ದಿರುತ್ತಿತ್ತು, ಹಾಲು ಕ್ಯಾನಿಗೆ ಸೇರಿರುತ್ತಿತ್ತು, ಲೆಕ್ಕ ಮಾತ್ರ ಕರೆಂಟಿನ ಜೊತೆಗೇ ಅಳಿಸಿಹೋಗುತ್ತಿತ್ತು. ಸೇರಿದ ಮೇಲೆ ಯಾರ ಹಾಲು ಯಾರದೆಂದು ಯಾವ ದೇವರು ಹೇಳಿಯಾನು?

ಗದ್ದೆಗೆ ಹೋಗುವ ಅವಸರದಲ್ಲಿ ದಿನಾ ಅದೇ ಹೊತ್ತಿಗೆ ಬರುವ ಒಬ್ಬ ಅಕ್ಕ ಇದ್ದರು. ಹಾಲಿನ ದುಡ್ಡಿನ ಬಟವಾಡೆ ಕಡಿಮೆಯಾದಾಗ ಫ್ಯಾಟ್ ಕಮ್ಮಿ ಬಂದಿರಬೇಕು ಅಂದುಕೊಂಡು ಸುಮ್ಮನಿದ್ದರಂತೆ. ಡೈರಿ ನಡೆಸುವ ಹಾಲಿನ ಸಂಘದ ಚುನಾವಣೆಗೆ ನಿಲ್ಲಬೇಕೆಂಬ ಆಸೆ ಅವರದು. ವರ್ಷದಲ್ಲಿ ಇಂತಿಷ್ಟು ದಿನ ಹಾಲು ಹಾಕದವರಿಗೆ ನಿಲ್ಲುವುದಿರಲಿ, ಓಟೂ ಇಲ್ಲ. ಅರ್ಜಿ ಕೊಡಲು ಹೋದರೆ ಸೆಕ್ರೆಟರಿ ಪರದೆ ತಿರುಗಿಸಿ ತೋರಿಸಿದರು.

"ಕಂಪ್ಯೂಟರ್‌ನಲ್ಲಿಲ್ಲ ಅಂದ್ಮೇಲೆ ಆಲಾಕಿಲ್ಲ ಅಂತ್ಲೇ ಕಣಮ್ಮ."

ಹಿಂದೆ ನಿಂತವರು ಇವಳು ಹಾಲನ್ನು ಹೋಟೆಲಿಗೆ ಮಾರಿಕೊಂಡಳು ಎಂದು ಪಿಸುಗುಟ್ಟಿದರು. ಚಳಿಗಾಲ ಮಳೆಗಾಲ ನೋಡದೆ ಕ್ಯಾನು ಹೊತ್ತವರಿಗೆ ಕಳ್ಳಿಯ ಪಟ್ಟ! ವಿಷಯ ತಿಳಿದು ನಾನು ಹೋಗಿ, ಇದು ಡೇಟಾಬೇಸಿನ ದೋಷ ಎಂದು ಸೆಕ್ರೆಟರಿಗೆ ಬಿಡಿಸಿ ಹೇಳಿದೆ. ಪುರಾವೆ ತನ್ನಿ ಎಂದರು. ಬರೆಯದೇ ಹೋದದ್ದಕ್ಕೆ ಎಲ್ಲಿಂದ ಪುರಾವೆ ತರಲಿ? ಹೊಸ ಡೇಟಾಬೇಸಿನವರಿಗೆ ಪತ್ರ ಹಾಕಿದೆ. ಅದೆಲ್ಲ ನಮ್ಮ ಕೈಪಿಡಿಯಲ್ಲೇ ಇದೆಯಲ್ಲ ಎಂದು ಉತ್ತರ ಬಂತು. ಥೂ, ನಾಚಿಕೆಗೆಟ್ಟವರು. ವೇಗವನ್ನು ಊರಗಲ ಸಾರಿ, ಅಪಾಯವನ್ನು ಮೂಲೆಯಲ್ಲಿ ಬರೆಯುವುದು ಯಾವ ನ್ಯಾಯ?

ಇನ್ನೊಂದು ಪಂಗಡವೇನೂ ಸಾಚಾ ಅಲ್ಲ. ಸುದ್ದಿ ಹೇಗೋ ಮುಟ್ಟಿ, ಹಳೆಯದರ ಕಂಪನಿಯವರು ಖುಷಿಯಿಂದ ಫೋನ್ ಮಾಡಿದರು. ಆ ಅಕ್ಕನ ಫೋಟೋ ಬೇಕಂತೆ, ನಮ್ಮದು ಎಂದೂ ಏನನ್ನೂ ಕಳೆಯದು ಎಂಬ ಜಾಹೀರಾತಿಗೆ. ಅದೂ ಸುಳ್ಳೇ, ವೇಗಕ್ಕೆಂದು ಸೆಟ್ಟಿಂಗ್ ಹಾಗೇ ಬದಲಿಸಿಟ್ಟರೆ ಅದೂ ಕಳೆಯುತ್ತದೆ.

ಆದರೂ ಅಕ್ಕನಿಗೆ ತಿಳಿಸಿದೆ. ಕೊಟ್ಟಿಗೆ ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿದರು.

"ಓಟಿನ್ ಲಿಸ್ಟ್‌ಗೆ ನನ್ ಎಸ್ರು ಬರ್ನಿಲ್ಲ, ಅವರ್ ಬೋರ್ಡಿಗೆ ನನ್ ಮಕ ಬೇಕಂತಾ? ಆಲಾಕಿದ್ದು ದಿಟ ಅಂತ ಮೊದ್ಲು ಡೈರಿ ಮುಂದೆ ಬಂದು ಏಳ್ಲಿ ಕಣಪ್ಪ."

ಅದನ್ನು ಇದ್ದ ಹಾಗೇ ಫೋನಿನಲ್ಲಿ ಹೇಳಿದೆ. ಯಾರೂ ಬರಲಿಲ್ಲ. ಚುನಾವಣೆಯ ದಿನವೂ ಅವರು ಅದೇ ಹೊತ್ತಿಗೆ ಹಾಲು ಹಾಕಿ, ಓಟು ಹಾಕಲು ನಿಂತವರ ಸಾಲು ದಾಟಿಕೊಂಡು ಗದ್ದೆಗೆ ಹೋದರು.