ಗಂಗತ್ತೆಯ ಕಂಬಳಿ ಗ್ಲೌಸು

ಗಂಗತ್ತೆಯ ಅಂಗೈಯಲ್ಲಿ ಒಂದೇ ಒಂದು ಸುಟ್ಟ ಕಲೆ ಇರಲಿಲ್ಲ. ಬೇರೆ ಹೆಂಗಸರ ವಿಷಯದಲ್ಲಾದರೆ ಇದನ್ನು ಯಾರೂ ಗಮನಿಸುತ್ತಿರಲಿಲ್ಲ. ನಮ್ಮತ್ತೆ ಗುಬ್ಬಿಯ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಬೇಕರಿಯಲ್ಲಿ ಸೌದೆ ಭಟ್ಟಿಯ ಮುಂದೆ ನಿಂತು ಕೆಲಸ ಮಾಡಿದವಳು. ಅಲ್ಲಿ ಅಂಗೈ ನೋಡಿಯೇ ಆಳನ್ನು ಅಳೆಯುತ್ತಿದ್ದರು. ಹೆಬ್ಬೆರಳಿನ ಬುಡದಲ್ಲಿ ಕಪ್ಪಗೆ ದಡ್ಡುಗಟ್ಟಿದ ಚರ್ಮ, ಮುಂಗೈ ಮೇಲೆ ಬಳೆ ತೊಟ್ಟ ಹಾಗೆ ಸಾಲು ಬರೆ ಇದ್ದರೆ ಅವನು ಪಳಗಿದವನು. ಇಲ್ಲದಿದ್ದರೆ ಹೊಸಬ, ಅದೂ ಅಲ್ಲದಿದ್ದರೆ ಮೈಗಳ್ಳ. ಅತ್ತೆಯ ಮೇಲಿದ್ದ ದೂರು ಇದೇ. ಇಷ್ಟು ವರ್ಷವಾದರೂ ಅವಳ ಕೈ ಕೆಲಸಕ್ಕೆ ಸೇರಿದ ದಿನ ಹೇಗಿತ್ತೋ ಹಾಗೇ ಇದೆಯಲ್ಲ ಎಂದು.

"ಇರ್ಲಿ ಬುಡು," ಅನ್ನುತ್ತಿದ್ದಳು ಅತ್ತೆ. "ಬನ್ನು ಬೇಯ್ಸಕ್ಕೆ ಬಂದಿದೀನಿ, ಕೈ ಬೇಯ್ಸಕ್ಕಲ್ಲ."

ಅವಳು ನಮ್ಮಪ್ಪನ ಅಕ್ಕ. ಊರ್ಡಿಗೆರೆ ಕಡೆಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ ಮೇಲೆ ಗುಬ್ಬಿಗೆ, ನಮ್ಮ ಮನೆಗೆ ವಾಪಸು ಬಂದಳು. ಹಾಗೆ ಬಂದ ಹೆಣ್ಣುಮಗಳು ಮೂಲೆ ಹಿಡಿದು ಕೂರಬೇಕೆಂದು ಎಲ್ಲರೂ ಕಾದಿದ್ದರು. ಅವಳು ಕೂರಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಎಲ್ಲಿ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ. ಹತ್ತನೇ ಕ್ಲಾಸಿಗೇ ಸಾಕು ಅಂದ ಅಪ್ಪನ ಎದುರು ನಿಂತು, "ಓದ್ತೀನಿ ಅನ್ನೋಳ್ನ ತಡ್ಯಕ್ಕೆ ನೀನ್ಯಾವನ್ಲಾ" ಎಂದು ತಮ್ಮನನ್ನು ಬೈದು, ನನ್ನನ್ನು ತುಮಕೂರಿನ ಹಾಸ್ಟೆಲಿಗೆ ಬಿಟ್ಟು ಬಂದವಳು ಗಂಗತ್ತೆ.

ಊರ್ಡಿಗೆರೆಯ ಮೊದಲ ಬೆಳಗಿನ ಕತೆಯನ್ನು ಅವಳೇ ನಗುತ್ತ ಹೇಳುತ್ತಿದ್ದಳು. ಆ ಮನೆಯಲ್ಲಿ ಒಲೆ ಮೇಲಿನ ಹಿಟ್ಟಿನ ತಪ್ಪಲೆಯನ್ನು ಹೆಂಗಸರು ಸೆರಗಿನಲ್ಲೇ ಹಿಡಿದು ಇಳಿಸುತ್ತಿದ್ದರಂತೆ. ಹೊಸ ಸೊಸೆ ಮಸಿಬಟ್ಟೆ ಕೇಳಿದಳು. ಅವಳು ಉಟ್ಟಿದ್ದು ಪಾಲಿಯೆಸ್ಟರ್ ಸೀರೆ. ಬಿಸಿ ತಾಗಿದರೆ ಕರಗಿ ಮೈಗೇ ಅಂಟಿಕೊಳ್ಳುವಂಥದ್ದು.

"ಮಸಿಬಟ್ಟೆ ಗಿಸಿಬಟ್ಟೆ ನಮ್ಮನೇಲಿ ಇಲ್ಲ. ಸೆರಗಲ್ಲೇ ಇಳ್ಸೋದು," ಅಂದರು ಅವಳ ಅತ್ತೆ.

"ಹಂಗಾದ್ರೆ ಇವತ್ತು ನೀವೇ ಇಳ್ಸಿ ಅತ್ತೆಮ್ಮ. ನೋಡಿ ಕಲ್ತ್ಕತೀನಿ."

ಮುದುಕಿ ಇಳಿಸಿದರಂತೆ. ಮಾರನೆಯ ದಿನವೂ ಸೊಸೆ ಕಲಿಯುತ್ತಲೇ ನಿಂತಿದ್ದಳಂತೆ. ಆಮೇಲೆ ಹಳೇ ಪಂಚೆಯೊಂದು ಹರಿದು, ಮಡಿಸಿ, ಒಲೆ ಪಕ್ಕಕ್ಕೆ ಬಂತಂತೆ.

ಬೇಕರಿಗೆ ಅವಳು ಸೇರಿದ್ದು ರಸ್ಕು ಪ್ಯಾಕ್ ಮಾಡಲು. ಭಟ್ಟಿಯ ಕೆಲಸದವನೊಬ್ಬ ಬಿಟ್ಟು ಹೋದಾಗ, ಅಲ್ಲಿಗೆ ನಾನು ಬರ್ತೀನಿ ಅಂದಳು. ಅಲ್ಲಿಯವರೆಗೆ ಆ ಕೋಣೆಯೊಳಗೆ ಹೆಂಗಸರು ಕಸ ಗುಡಿಸಲು ಮಾತ್ರ ಹೋಗಿದ್ದರು. ಹೆಡ್ ಮೇಸ್ತ್ರಿ ನಂಜಪ್ಪ ನಕ್ಕು, "ಎರಡು ದಿನ ನೋಡಾಣ" ಅಂದರು. ಕೆಲಸ ಹೀಗಿತ್ತು. ಉದ್ದನೆಯ ಕೊಕ್ಕೆಯಿಂದ ಟ್ರೇಯನ್ನು ಭಟ್ಟಿಯ ಬಾಯಿಗೆ ಎಳೆದುಕೊಳ್ಳಬೇಕು, ಅಲ್ಲಿಂದ ಕೈಯಲ್ಲಿ ಎತ್ತಿ ಸ್ಟ್ಯಾಂಡಿಗೆ ಇಡಬೇಕು. ಎತ್ತಲು ಇದ್ದದ್ದು ಗೋಣಿತಾಟಿನ ಎರಡು ತುಂಡು. ಅವನ್ನು ಬಕೆಟ್ ನೀರಿನಲ್ಲಿ ಅದ್ದಿಕೊಂಡು ಹಿಡಿಯುವುದು ಅಲ್ಲಿಯ ಪದ್ಧತಿ. ಒದ್ದೆಯಾದರೆ ಸುಡುವುದಿಲ್ಲ ಎಂದು ಎಲ್ಲರ ನಂಬಿಕೆ. ಒದ್ದೆ ಗೋಣಿ ಕಾದ ತಗಡು ಮುಟ್ಟಿದರೆ ಆವಿ ಏಳುತ್ತದೆ, ಆ ಆವಿ ನೇರ ಅಂಗೈಗೇ ಹೋಗುತ್ತದೆ. ಎಲ್ಲರಿಗೂ ಸುಟ್ಟಿತ್ತು. ಸುಟ್ಟದ್ದಕ್ಕೆ ಗೋಣಿಯನ್ನು ಮತ್ತಷ್ಟು ನೀರಿಗೆ ಅದ್ದುತ್ತಿದ್ದರು.

ಅತ್ತೆ ಮೊದಲ ದಿನವೇ ಬಕೆಟನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಮನೆಯಿಂದ ತಂದ ಒಣ ಮಸಿಬಟ್ಟೆ ದಪ್ಪಗೆ ಮಡಿಸಿಕೊಂಡು ಟ್ರೇ ತೆಗೆದಳು. ಬಟ್ಟೆ ಜಾರುತ್ತಿತ್ತು. ಆ ಭಾನುವಾರ ಹಾಸ್ಟೆಲಿಗೆ ಬಂದವಳು, "ನಡಿಯೇ, ಗ್ಲೌಸ್ ತಗಳಾಣ" ಅಂದಳು.

ತುಮಕೂರಿನ ಪಾತ್ರೆ ಅಂಗಡಿಯಲ್ಲಿ ಹುಡುಗಿಯರ ಫ್ರಾಕಿನಂತೆ ಹೂವಿನ ಪ್ರಿಂಟ್ ಇದ್ದ ಜೋಡಿ ತೋರಿಸಿದರು. ಅತ್ತೆ ಹಾಕಿಕೊಂಡು, ಪಕ್ಕದ ಹೋಟೆಲಿನಿಂದ ಕುದಿಯುವ ಟೀ ಇದ್ದ ಸ್ಟೀಲ್ ಚೊಂಬು ತರಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಗಡಿಯವನ ಊರು, ಮಕ್ಕಳು, ಹೆಂಡತಿಯ ತವರು ಎಲ್ಲ ವಿಚಾರಿಸತೊಡಗಿದಳು. ಅವನು ಮಾವನ ಮನೆಯ ವಿಷಯಕ್ಕೆ ಬರುವಷ್ಟರಲ್ಲಿ ಚೊಂಬು ಕೆಳಗಿಟ್ಟಳು.

"ನಿಮ್ ಮಾವನ್ ತಂಕನೂ ತಡೀಲಿಲ್ಲ ಕಣಪ್ಪ. ಒಳಗೆ ಸ್ಪಂಜ್ ತುಂಬವ್ರೆ. ಇದು ಭಟ್ಟೀಲಿ ಕರಗೋಯ್ತದೆ."

ರಬ್ಬರಿನದು ತೋರಿಸಿದ. ಮೂಸಿ ನೋಡಿ ವಾಪಸು ಕೊಟ್ಟಳು. ಕೊನೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗಿನವರ ತೊಗಲಿನ ಗ್ಲೌಸು ಸಿಕ್ಕಿತು. ಬಿಸಿಯೇನೋ ತಡೆಯುತ್ತಿತ್ತು. ಅತ್ತೆ ಅದನ್ನು ಹಾಕಿಕೊಂಡು ಕೌಂಟರಿನ ಮೇಲಿದ್ದ ಪೆನ್ನು ಎತ್ತಲು ಹೋದಳು. ಬೆರಳುಗಳು ಅವಳ ಬೆರಳಿಗಿಂತ ಉದ್ದ, ತುದಿ ಖಾಲಿ ಮಡಿಚಿಕೊಂಡು ಪೆನ್ನು ಉರುಳಿತು.

"ಪೆನ್ನೇ ಬಿತ್ತು, ಇನ್ ಟ್ರೇ ನಿಂತಾತಾ? ಚಿಕ್ಕದು ಇಲ್ವಾ?"

"ಲೇಡೀಸ್ ಸೈಜ್ ಬರಲ್ಲಮ್ಮ. ಈ ಕೆಲ್ಸ ಲೇಡೀಸ್ ಮಾಡಲ್ವಲ್ಲ."

"ನಿಮ್ಮನೇಲಿ ಬಿಸಿ ಪಾತ್ರೆ ಯಾರಪ್ಪ ಇಳ್ಸೋದು, ನೀನಾ?"

ಅವನು ಪೆನ್ನು ಎತ್ತಿಕೊಂಡ. ನಾವು ಹೊರಗೆ ಬಂದೆವು. "ನಮ್ ಕೈ ಅಳತೆಗೆ ಅಂತ ಯಾರೂ ಹೊಲ್ದಿಲ್ಲ ಕಣೇ. ನಾವೇ ಹೊಲ್ಸ್ಕಳಾಣ," ಅಂದಳು. ಮನೆಯಲ್ಲಿ ತಾತನ ಹಳೇ ಕರಿ ಕಂಬಳಿ ಇತ್ತು. ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ. ಅದು ಒಳಗೆ ಎರಡು ಪದರ, ಹೊರಗೆ ದಪ್ಪ ಖಾಕಿ ಬಟ್ಟೆ, ಹೆಬ್ಬೆರಳಿನ ಸಂದಿಯಲ್ಲಿ ಒತ್ತೊತ್ತಾಗಿ ಹೊಲಿಗೆ, ಉದ್ದ ಮೊಣಕೈವರೆಗೆ. ಟೈಲರಿನ ಪಕ್ಕದಲ್ಲೇ ಕೂತು ಹೊಲಿಸಿದಳು. ನೋಡಲು ಕರಡಿ ಕೈ ಥರ ಇತ್ತು.

ನನ್ನ ಡಿಗ್ರಿ ರಿಸಲ್ಟ್ ಬಂದ ದಿನ, ಪಾಸಾದ ಸುದ್ದಿ ಹೇಳಲು ಬಸ್ಸಿಳಿದು ನೇರ ಬೇಕರಿಗೆ ಹೋದೆ. ಒಳಗೆ ಅತ್ತೆ ಭಟ್ಟಿಯ ಮುಂದೆ ಕೈಕಟ್ಟಿ ನಿಂತಿದ್ದಳು. ಎದುರಿಗೆ ಬೇಕರಿಯ ಸಾಹುಕಾರರು. ಅವರ ಕಂಕುಳಲ್ಲಿ ಕಂಬಳಿ ಗ್ಲೌಸು. ಮೇಸ್ತ್ರಿ ಮತ್ತು ಭಟ್ಟಿಯ ಉಳಿದ ಇಬ್ಬರು ಆ ಹೊತ್ತು ಊಟಕ್ಕೆ ಹೋಗಿದ್ದರು. ಹೋಗುವ ಮುಂಚೆ ಮೇಸ್ತ್ರಿ, ಹೆಂಗಸಿನ ಈ ವೇಷ ನೋಡಿ ಬೇರೆ ಆಳುಗಳೂ ಗ್ಲೌಸು ಕೇಳುತ್ತಿದ್ದಾರೆ ಎಂದು ದೂರು ಹೇಳಿದ್ದರಂತೆ. ಎಲ್ಲರಂತೆ ಗೋಣಿಯಲ್ಲಿ ತೆಗೆ, ಇಲ್ಲದಿದ್ದರೆ ನಾಳೆಯಿಂದ ರಸ್ಕಿನ ಕಡೆ ಹೋಗಿ ಕೂರು ಎಂಬುದು ಸಾಹುಕಾರರ ಮಾತು. ಭಟ್ಟಿಯೊಳಗೆ ಬನ್ನು ಕೆಂಪಾಗುತ್ತಿದ್ದ ವಾಸನೆ ಬರುತ್ತಿತ್ತು.

"ಗ್ಲೌಸ್ ಕೊಡಿ, ತೆಗೀತೀನಿ," ಅಂದಳು ಅತ್ತೆ.

"ಗೋಣಿ ಐತಲ್ಲ."

"ಗೋಣೀಲಿ ನೀವು ತೆಗೀರಿ ಸಾವ್ಕಾರ್ರೇ. ನೋಡಿ ಕಲ್ತ್ಕತೀನಿ."

ಆ ಮಾತು ಎಲ್ಲಿಯದೆಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಸಾಹುಕಾರರು ನನ್ನ ಕಡೆ ತಿರುಗಿದರು. "ನೋಡಮ್ಮ, ನೀನು ಓದಿರೋಳು. ಒಸಿ ನಿಮ್ಮತ್ತೆಗೆ ಬುದ್ಧಿ ಹೇಳು. ಪೆನ್ ಹಿಡಿಯೋ ಕೈಗೆ ಗ್ಲೌಸ್ ಬೇಕು ಅಂದ್ರೆ ಒಂದರ್ಥ. ಇವಳ್ ಕೈಗ್ಯಾಕೆ?"

ನಾನು ಅತ್ತೆಯ ಪಕ್ಕ ಹೋಗಿ ನಿಂತೆ. "ಓದಿರೋದಕ್ಕೇ ಹೇಳ್ತಿದೀನಿ ಸಾರ್. ಆ ಕೈಗೂ ಈ ಕೈಗೂ ಇರೋದು ಒಂದೇ ಚರ್ಮ. ಅವ್ಳ ಗ್ಲೌಸ್ ಅವ್ಳಿಗೆ ಕೊಡಿ," ಅಂದೆ.

ಕೆಂಪಿನ ವಾಸನೆ ಕರಿಕಿನ ವಾಸನೆಯಾಯಿತು. ಭಟ್ಟಿಯ ಬಾಯಿಂದ ತೆಳ್ಳಗೆ ಹೊಗೆ ಬಂತು. ಸಾಹುಕಾರರು ಒಮ್ಮೆ ಬಗ್ಗಿ ಗೋಣಿ ಎತ್ತಿಕೊಂಡರು, ಒಳಗಿನ ಝಳ ಮುಖಕ್ಕೆ ಹೊಡೆದದ್ದೇ ಹಿಂದೆ ಸರಿದರು.

"ಹತ್ಕೊಂತು ಕಣಮ್ಮೋ."

"ಹತ್ಲಿ. ಬನ್ನು ನಾಳೆನೂ ಬೇಯ್ತದೆ. ನನ್ ಕೈ ಬೆಂದ್ರೆ ಹೊಸಾದು ಎಲ್ಲಿಂದ ತರ್ತೀರ, ನಿಮ್ ಹಿಟ್ನಾಗೆ ಕಲಸ್ತೀರಾ?"

ಗ್ಲೌಸು ಅವಳ ಕಾಲ ಬಳಿ ಬಂದು ಬಿತ್ತು. ಅವಳು ಅದನ್ನು ಎತ್ತಿ, ಕೊಡವಿ, ಹಿಟ್ಟಿನ ಧೂಳು ಒರೆಸಿ, ಅವಸರವಿಲ್ಲದೆ ಒಂದೊಂದೇ ಕೈಗೆ ಹಾಕಿಕೊಂಡಳು. ಟ್ರೇಗಳು ಹೊರಗೆ ಬಂದವು. ಹಿಂದಿನ ಸಾಲು ಪೂರ್ತಿ ಕರಿಕಾಗಿತ್ತು. ಕರಿಕಾಗದ ಬನ್ನೊಂದನ್ನು ಆರಿಸಿ ನನ್ನ ಕೈಗಿಟ್ಟು, "ಪಾಸಾ?" ಅಂದಳು. ಹೂಂ ಅಂದೆ. "ತಿನ್ನು," ಅಂದಳು.

ಅತ್ತೆ ರಸ್ಕಿನ ಕಡೆ ಹೋಗಲಿಲ್ಲ. ಅವಳ ಜೊತೆ ಭಟ್ಟಿಯಲ್ಲಿದ್ದ ಇಬ್ಬರು ಅದೇ ಟೈಲರ್ ಹತ್ತಿರ ಕಂಬಳಿ ಕೊಟ್ಟು ಬಂದರು. ನಂಜಪ್ಪ ಮೇಸ್ತ್ರಿ ಮಾತ್ರ ಕೊನೆಯವರೆಗೂ ಗೋಣಿ ಅದ್ದುವುದನ್ನು ಬಿಡಲಿಲ್ಲ.

ನನಗೆ ಕುಣಿಗಲ್ಲಿನಲ್ಲಿ ಸರ್ಕಾರಿ ನೌಕರಿ ಸಿಕ್ಕಿದ ಮೇಲೆ ಅತ್ತೆ ಆಗಾಗ ಬಂದು ಉಳಿಯುತ್ತಿದ್ದಳು. ಸಂಜೆ ಕೆರೆ ಏರಿಯ ಮೇಲೆ ನಡೆಯುವುದೆಂದರೆ ಅವಳಿಗೆ ಇಷ್ಟ. ಕೊನೆಯ ಸಲ ಬಂದಾಗ ಏರಿಯ ಮೇಲೆ ನಿಂತು, ನನ್ನ ಅಂಗೈಗೆ ತನ್ನ ಅಂಗೈ ಒತ್ತಿ, ಬೆರಳ ತುದಿಗೆ ತುದಿ ಇಟ್ಟು ನೋಡಿದಳು. "ನಿಂದು ಒಸಿ ಉದ್ದ. ನಿನ್ ಗ್ಲೌಸಿಗೆ ಬಟ್ಟೆ ಜಾಸ್ತಿ ಬೇಕು," ಅಂದಳು. ಆ ಜೋಡಿ ಹೊಲಿಸುವ ಮುಂಚೆಯೇ ಗುಬ್ಬಿಯಿಂದ ಫೋನ್ ಬಂತು. ಬೆಳಗಿನ ಜಾವ ಎದೆನೋವು ಎಂದು ಕೂತವಳು ಏಳಲಿಲ್ಲವಂತೆ.

ನಾನು ಹೋಗುವಷ್ಟರಲ್ಲಿ ಅವಳನ್ನು ಜಗುಲಿಯ ಮೇಲೆ ಮಲಗಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಬೇಕರಿಯವರೆಲ್ಲ ಬಂದಿದ್ದರು. ಮುದುಕರಾಗಿದ್ದ ನಂಜಪ್ಪ ಮೇಸ್ತ್ರಿ ಹಾರ ಹಾಕಲು ಬಗ್ಗಿದವರು, ಹಾಗೇ ಅವಳ ಕೈ ನೋಡುತ್ತ ನಿಂತರು.

"ಭಟ್ಟಿ ಮುಂದೆ ನಿಂತೋಳ ಕೈ ಅಂದ್ರೆ ಯಾರೂ ನಂಬಲ್ಲ ಕಣವ್ವ," ಅಂದರು ನನಗೆ.

"ನಂಬ್ದಿದ್ರೆ ಬುಡ್ಲಿ ಮೇಸ್ತ್ರಿ," ಅಂದೆ.

ಆಮೇಲೆ ಹತ್ತಿರ ಕೂತು ಅವಳ ಕೈಗಳನ್ನು ಬಿಡಿಸಿದೆ. ಹಂಗೆಲ್ಲ ಮಾಡಬಾರದು ಎಂದು ಹಿಂದಿನಿಂದ ಯಾರೋ ಅಂದರು. ನಾನು ನಿಲ್ಲಿಸಲಿಲ್ಲ. ಎರಡೂ ಅಂಗೈಗಳನ್ನು ಮೇಲೆ ಮಾಡಿ, ಪಕ್ಕಕ್ಕೆ ಚಾಚಿ ಇಟ್ಟೆ, ಬಂದವರೆಲ್ಲ ನೋಡಿಕೊಂಡು ಹೋಗಲಿ ಅಂತ.