ತೊಲೆಯ ಅಡಿಯ ಗಾರೆ

ಹೊನ್ನಾಳಿಯ ಸೇತುವೆಯನ್ನು ಕಟ್ಟಿದವರು ನೂರಾರು ಜನ ಇರಬಹುದು, ಆದರೆ ಅದು ನಿಂತಿರುವುದು ತನ್ನಿಂದಲೇ ಎಂದು ಅಮೀರ್‌ಜಾನ್ ಮೇಸ್ತ್ರಿಯ ನಂಬಿಕೆ. ಕಲ್ಲಿನ ಕಂಬಕ್ಕೂ ಕಬ್ಬಿಣದ ತೊಲೆ ಕೂರುವ ಹಲಗೆಗೂ ನಡುವೆ ಹಾಕುವ ಬೆರಳು ದಪ್ಪದ ಗಾರೆಯನ್ನು ಆರಿಸಿದವರು ಅವರು. ಸುಣ್ಣವೋ ಸಿಮೆಂಟೋ, ಮರಳೆಷ್ಟು ಎಂದು ತೀರ್ಮಾನಿಸಲು ಒಂದು ಬೇಸಿಗೆಯೇ ಹಿಡಿಯಿತು. ಹೆಂಡತಿ ಅಖ್ತರ್‌ಬೀ ಊಟಕ್ಕೆ ತಟ್ಟೆ ತೆಗೆದರೆ ಒಂದೊಂದರಲ್ಲೂ ಒಂದೊಂದು ಬಗೆಯ ಗಾರೆಯ ಬಿಲ್ಲೆ ಒಣಗುತ್ತಿತ್ತು. ನೆಂಟರು ಎಲೆಯಲ್ಲಿ ಉಂಡು ಹೋದರು. ಮೇಸ್ತ್ರಿ ಬಿಲ್ಲೆಯನ್ನು ನೀರಲ್ಲಿ ನೆನೆಸಿ, ಕಿವಿಯ ಹತ್ತಿರ ಹಿಡಿದು ತಟ್ಟಿ, "ಗಟ್ಟಿ ಐತೆ, ಆದ್ರೆ ಕುಗ್ತೈತೆ" ಎಂದು ಎಸೆಯುತ್ತಿದ್ದರು. ಈಗ ಊರಿಗೆ ಊರೇ ಸೇತುವೆಯ ಮೇಲೆ ಹೊಳೆ ದಾಟುತ್ತದೆ. ಮೇಸ್ತ್ರಿ ಮಾತ್ರ ಮರುಳಪ್ಪನ ಹರಿಗೋಲಿನಲ್ಲೇ ದಾಟುತ್ತಾರೆ. "ಸೇತುವೆ ಬಂದು ನನ್ನ ಕಸುಬು ಹೋತು. ನೀವ್ಯಾಕೆ ಇದನ್ನ ಹತ್ತತೀರಿ ಸಾಬ್ರೇ?" ಎಂದು ಅವನು ಮೊದಲ ಸಲ ಕೇಳಿದ್ದ. "ಮೇಲೆ ಹೋದ್ರೆ ನನ್ನ ಕೆಲಸ ಕಾಣಾಕಿಲ್ಲಪ್ಪ" ಎಂದಿದ್ದರು ಮೇಸ್ತ್ರಿ. ಈಗ ಅವನು ಏನೂ ಕೇಳುವುದಿಲ್ಲ. ತೊಲೆಯ ಕೆಳಗೆ ಬಂದೊಡನೆ ಹುಟ್ಟು ನಿಲ್ಲಿಸುತ್ತಾನೆ. ಮೇಲೆ ಬಸ್ಸು ಗುಡುಗಿ ಹೋಗುವ ತನಕ ಇಬ್ಬರೂ ಕತ್ತೆತ್ತಿ ಆ ಬೆರಳು ದಪ್ಪದ ಗೆರೆಯನ್ನೇ ನೋಡುತ್ತಾರೆ. ಆಮೇಲೆ ಮೇಸ್ತ್ರಿಗಿಂತ ಮೊದಲು ಮರುಳಪ್ಪನೇ ಹೇಳುತ್ತಾನೆ, "ಅಲ್ಲಾಡಲಿಲ್ಲ ಬಿಡ್ರಿ."