ಅತ್ತೆಯ ಮೂಗು

ನನ್ನ ಅತ್ತೆ ಆಯುಷ್ಯವೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕಳೆದವರು. ರಾಶಿ ಬಿದ್ದ ಬೆಡ್‌ಶೀಟುಗಳನ್ನು ಮೂಸಿಯೇ ಬೇರ್ಪಡಿಸುತ್ತಿದ್ದರಂತೆ: ಇದು ರಕ್ತ, ಇದು ವಾಂತಿ, ಇದು ಚೆಲ್ಲಿದ ಔಷಧ. ಕೆಲಸ ಬಿಟ್ಟರೂ ಆ ಮೂಗಿಗೆ ಮಾತ್ರ ರಜೆ ಸಿಗಲಿಲ್ಲ. ಹಾಲು, ಮೀನು, ಮನೆಗೆ ಬಂದವರ ಚೀಲ, ಎಲ್ಲವನ್ನೂ ಒಮ್ಮೆ ಮೂಸಿ ನೋಡಲೇಬೇಕು. ಯಾರೂ ಸುಮ್ಮನೆ ಯಾರ ಮನೆಗೂ ಬರುವುದಿಲ್ಲ ಎಂಬುದು ಅವರ ಸಿದ್ಧಾಂತ.

ಅಂಥ ಮನೆಗೆ ನಾನು ಸೊಸೆಯಾಗಿ ಬಂದೆ, ನನ್ನ ಪುಣ್ಯ! ಗಂಡ ಲಾರಿ ಡ್ರೈವರ್, ಮನೆಯಲ್ಲಿರುವುದೇ ಅಪರೂಪ. ನಾನು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಸೊಂಟ ಹಿಡಿದಾಗ ಪಕ್ಕದ ಮಿಷನ್ನಿನವಳು ಕೆಮ್ಮಿನ ಸಿರಪ್ ಕೊಟ್ಟಳು. ಕುಡಿದರೆ ನೋವೂ ಇಲ್ಲ, ಚಿಂತೆಯೂ ಇಲ್ಲ. ಬರಬರುತ್ತಾ ಅದಿಲ್ಲದೆ ಸೂಜಿಗೆ ದಾರ ಪೋಣಿಸಲೂ ಆಗದಂತಾಯಿತು. ಬಸುರಿಯಾದ ಮೇಲೂ ಬಿಡಲಾಗಲಿಲ್ಲ. ಸಿರಪ್ಪಿನ ಚಟ ಹೊಟ್ಟೆಯೊಳಗೇ ಅಂಟಿ, ಮಗಳು ನಡುಗುತ್ತಲೇ ಹುಟ್ಟಿದಳು. ಆವತ್ತು ನಾಚಿಕೆಯಿಂದ ಸತ್ತೇಹೋದೆ.

ಆಸ್ಪತ್ರೆಯವರು ಮಗುವನ್ನು ಕಿತ್ತುಕೊಳ್ಳಲಿಲ್ಲ. ಚಟ ಬಿಡಿಸಲು ದಿನಾ ಅಳೆದು ಕುಡಿಯುವ ಔಷಧ ಕೊಟ್ಟರು. ವಾರಕ್ಕೊಮ್ಮೆ ಒಬ್ಬ ನರ್ಸ್ ಮನೆಗೆ ಬಂದು ನೆಲದ ಮೇಲೆ ಕೂರುತ್ತಿದ್ದಳು. ಮಗು ‘ಊಂ’ ಎಂದರೆ, “ಮಾತಾಡ್ಸಿ, ನಿಮ್ಮನ್ನೇ ಕರೀತಿದ್ದಾಳೆ” ಎನ್ನುತ್ತಿದ್ದಳು. ಷರತ್ತು ಒಂದೇ. ನಾನು ಮತ್ತೆ ಚಟಕ್ಕೆ ಬಿದ್ದರೆ ಮಗು ಶಿಶುಮಂದಿರಕ್ಕೆ.

“ನೆಲದ ಮೇಲೆ ಕೂರೋಕೆ ಯಾರಾದ್ರೂ ಸಂಬಳ ಕೊಡ್ತಾರೇನೇ? ಮಗೂನ ಎತ್ಕೊಂಡು ಹೋಗೋಕೆ ಹೊಂಚು ಹಾಕ್ತಿದ್ದಾಳೆ ಅವಳು” ಎಂದರು ಅತ್ತೆ. ನನಗೂ ಒಳಗೊಳಗೇ ಅದೇ ಗುಮಾನಿ.

ಒಂದು ಬೆಳಿಗ್ಗೆ ನೋಡಿದರೆ ಔಷಧದ ಬಾಟಲಿ ಖಾಲಿ! ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಮೋರಿಗೆ ಸುರಿದೆ. ಆ ಸಿರಪ್ಪಿಗೂ ಇದಕ್ಕೂ ಒಂದೇ ಸಿಹಿ ವಾಸನೆ. ಔಷಧ ಅಂತ ನನ್ನ ಮೂಗಿಗೇ ಮಣ್ಣೆರಚ್ತೀಯಾ?”

“ಅಯ್ಯೋ ಅತ್ತೆ, ಅದು ಡಾಕ್ಟರೇ ಕೊಟ್ಟಿದ್ದು!”

“ನಾಯಿ ಕಚ್ಚಿದ್ದಕ್ಕೆ ಇನ್ನೊಂದು ನಾಯಿ ಕೈಲಿ ಕಚ್ಚಿಸ್ತಾರಾ ಡಾಕ್ಟ್ರು?”

ಆಸ್ಪತ್ರೆಗೆ ಓಡೋಣವೆಂದರೆ ಭಯ. ಚಟದವಳು ‘ಅತ್ತೆ ಚೆಲ್ಲಿದರು’ ಎಂದರೆ ಯಾರು ನಂಬುತ್ತಾರೆ? ಮರುದಿನ ನರ್ಸ್ ಬರುವ ಹೊತ್ತಿಗೆ, ಔಷಧ ತಪ್ಪಿದ್ದಕ್ಕೆ, ನನ್ನ ಮೈಯೆಲ್ಲ ಗಡಗಡ, ಮೂಗಲ್ಲಿ ಕಣ್ಣಲ್ಲಿ ನೀರು. ಅವಳು ಖಾಲಿ ಬಾಟಲಿ ನೋಡಿದಳು, ನನ್ನನ್ನು ನೋಡಿದಳು.

“ಮಾರಿಬಿಟ್ರಾ? ಮತ್ತೆ ಸಿರಪ್ ಶುರು ಮಾಡಿದ್ರಾ?”

ಇಲ್ಲವೆಂದು ತಲೆಯಾಡಿಸಿದೆ. “ಮೇಲಿನವರಿಗೆ ಹೇಳಲೇಬೇಕಾಗುತ್ತೆ” ಎಂದು ಅವಳು ಫೋನ್ ತೆಗೆದಳು.

ಮೂಲೆಯಲ್ಲಿದ್ದ ಅತ್ತೆ ಮಗುವನ್ನು ಎದೆಗವಚಿಕೊಂಡು ಮುಂದೆ ಬಂದರು. “ಇಡಮ್ಮಾ ಫೋನು. ಚೆಲ್ಲಿದ್ದು ನಾನು.”

“ಸೊಸೇನ ಉಳಿಸೋಕೆ ಹೀಗೆ ಹೇಳ್ತಿದ್ದೀರಾ ಅಮ್ಮಾ?”

ಊರನ್ನೆಲ್ಲ ಅನುಮಾನಿಸಿದ ಅತ್ತೆಯನ್ನು ಯಾರಾದರೂ ಅನುಮಾನಿಸಿದ್ದು ಅದೇ ಮೊದಲು. ಮುಖ ಕೆಂಪಗಾಯಿತು.

“ಇವಳಿಗೋಸ್ಕರ ನಾನು ಸುಳ್ಳು ಹೇಳೋದಾ? ಇವಳನ್ನ ಕಂಡ್ರೆ ನನಗೆ ಆಗೋದೇ ಇಲ್ಲ! ಬೀದಿಲಿ ಯಾರನ್ನ ಬೇಕಾದ್ರೂ ಕೇಳು ಹೋಗು!”

ನರ್ಸ್ ತುಟಿ ಕಚ್ಚಿ ನಗು ತಡೆದಳು. ಫೋನ್ ಮಾಡಿದ್ದು ಮೇಲಿನವರಿಗಲ್ಲ, ಡಾಕ್ಟರಿಗೆ, ನನ್ನನ್ನು ಈಗಲೇ ಕರೆತರುತ್ತೇನೆಂದು. ಆಮೇಲೆ ಅತ್ತೆಯತ್ತ ತಿರುಗಿದಳು.

“ಇನ್ಮೇಲೆ ಔಷಧ ಬೀಗ ಹಾಕಿ ಇಟ್ಟು, ಅಳೆದು ಕೊಡೋದು ನೀವೇ. ನಿಮ್ಮಷ್ಟು ಅನುಮಾನದವರು ನಮಗೆಲ್ಲೂ ಸಿಗಲ್ಲ.”

“ನನ್ನನ್ನ ನಂಬ್ತೀಯೇನು?”

“ಇಲ್ಲ. ಬಂದಾಗಲೆಲ್ಲ ಬಾಟಲಿ ನೋಡ್ತೀನಿ.”

“ಹಾಂ, ಇದು ಸರಿಯಾದ ಮಾತು” ಎಂದರು ಅತ್ತೆ.

ನರ್ಸ್ ಆಟೋ ಕರೆಯಲು ಹೋದಳು. ಮಗಳು ನನ್ನತ್ತ ಕೈಚಾಚಿ ಅಳತೊಡಗಿದಳು. ಅತ್ತೆ ಅವಳನ್ನು ನನ್ನ ಮಡಿಲಿಗೆ ಹಾಕಿ, ನನ್ನ ಕೈಗಳ ಕೆಳಗೆ ತಮ್ಮ ಕೈಗಳನ್ನೂ ಇಟ್ಟರು.

“ನಂಬಿ ಕೊಡ್ತಿಲ್ಲ, ತಿಳ್ಕೋ. ನಿನ್ನ ಕೈ ನಡುಗ್ತಿದೆ, ಅದಕ್ಕೆ ಹಿಡ್ಕೊಂಡಿದ್ದೀನಿ.”

ಅವರ ಕೈಯೂ ನಡುಗುತ್ತಿತ್ತು.